ಸಿಗದೇ ಹೋದರೆ ಮಗಳ ಐದು ವರ್ಷ ಎಲ್ಲಿ ಹೋಯಿತು?

ಮಲ್ಪೆಯ ಓದುಗರೊಬ್ಬರು ಬರೆದಿದ್ದಾರೆ:

"ಸಾರ್, ನನ್ನದು ಆಳಸಮುದ್ರದ ಬೋಟು ಉಂಟು. ಮಗಳು ಕೊಣಾಜೆಯಲ್ಲಿ ಭೌತಶಾಸ್ತ್ರ ಎಂಎಸ್ಸಿ ಮುಗಿಸಿದಳು. ಈಗ ಪಿಎಚ್‌ಡಿ ಮಾಡುತ್ತೇನೆ ಎನ್ನುತ್ತಾಳೆ. ವಿಷಯ ಕೇಳಿದರೆ, ಪುಟ್ಟ ಪುಟ್ಟ ಗೆಲಾಕ್ಸಿಗಳನ್ನು ರೇಡಿಯೊ ದೂರದರ್ಶಕದಲ್ಲಿ ನೋಡಿ ಡಾರ್ಕ್ ಮ್ಯಾಟರ್ ಹುಡುಕುವುದಂತೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದ ನನ್ನ ಭಾವ, 'ಅದು ಇಲ್ಲವೇ ಇಲ್ಲ, ಲೆಕ್ಕ ತಾಳೆಯಾಗದ್ದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಅಷ್ಟೆ' ಎನ್ನುತ್ತಾರೆ. ಬೆಳಕೇ ಕೊಡದ ವಸ್ತು ರೇಡಿಯೊಗೆ ಹೇಗೆ ಸಿಗುತ್ತದೆ? ದೊಡ್ಡ ದೊಡ್ಡ ಗೆಲಾಕ್ಸಿ ಇರುವಾಗ ಸಣ್ಣದರಲ್ಲಿ ಯಾಕೆ ಹುಡುಕುವುದು? ಅದು ನಮ್ಮ ಮೈಯೊಳಗೆ ಹಾದು ಹೋಗುತ್ತದೆ ಎಂದು ಅವಳ ಅಮ್ಮ ಯಾವುದೋ ವಿಡಿಯೊದಲ್ಲಿ ನೋಡಿ, ಕಾಯಿಲೆ ಬಂದೀತು ಎಂದು ಹೆದರಿದ್ದಾಳೆ. ಇಷ್ಟು ವರ್ಷ ಹುಡುಕಿದವರಿಗೆ ಯಾರಿಗೂ ಸಿಕ್ಕಿಲ್ಲ ಎಂದು ಮಗಳೇ ಹೇಳುತ್ತಾಳೆ. ಐದು ವರ್ಷ ಹುಡುಕಿ ಸಿಗದೇ ಹೋದರೆ ಅವಳ ಗತಿ ಎಂತ? ಬೇಡ ಎನ್ನಲು ಮನಸ್ಸಿಲ್ಲ, ಹೂಂ ಎನ್ನಲು ಧೈರ್ಯ ಇಲ್ಲ."

ನಿಮ್ಮ ಪ್ರಶ್ನೆ ಹಲವು. ಆದರೆ ನಿದ್ದೆ ಕೆಡಿಸುತ್ತಿರುವುದು ಕೊನೆಯದು ಮಾತ್ರ, ಅಲ್ವಾ? ಅದಕ್ಕೆ ಬರುವ ಮೊದಲು ಉಳಿದವನ್ನು ಬಿಡಿಸಿಕೊಳ್ಳಬೇಕು. ಇಲ್ಲವಾದರೆ ಕೊನೆಯದಕ್ಕೆ ನಾನು ಕೊಡುವ ಉತ್ತರ ಸುಮ್ನೆ ಸಮಾಧಾನದ ಮಾತಾಗುತ್ತದೆ. ನಾನು ಕೆಲಸದ ಬಹುಪಾಲು ವರ್ಷಗಳನ್ನು ರೇಡಿಯೊ ದೂರದರ್ಶಕಗಳ ದತ್ತಾಂಶದ ಜೊತೆ ಕಳೆದವನು. ನಿಮ್ಮ ಮಗಳು ಮಾಡಬೇಕೆಂದಿರುವ ಹುಡುಕಾಟವನ್ನು ನಾನೂ ಸ್ವಲ್ಪ ಕಾಲ ಮಾಡಿದ್ದೇನೆ. ನನಗೂ ಏನೂ ಸಿಕ್ಕಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಾಯಿಲೆಯ ಭಯವನ್ನು ಒಂದೇ ಲೆಕ್ಕದಲ್ಲಿ ಮುಗಿಸಬಹುದು. ಕಪ್ಪು ದ್ರವ್ಯ, ಅಂದರೆ ನಿಮ್ಮ ಮಗಳು ಹೇಳುವ ಡಾರ್ಕ್ ಮ್ಯಾಟರ್, ಇದೆ ಎಂದಾದರೆ ಅದು ಎಲ್ಲ ಕಡೆಯೂ ಇದೆ, ನಿಮ್ಮ ಮನೆಯ ಅಂಗಳದಲ್ಲೂ ಇದೆ. ಅದರ ಹತ್ತಿರ ಹೋಗಿ ಕೆಲಸ ಮಾಡುವುದು ಎಂಬ ಪ್ರಶ್ನೆಯೇ ಇಲ್ಲ. ನಮ್ಮ ಸುತ್ತಮುತ್ತ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಇರುವುದು ಒಂದು ಪ್ರೋಟಾನಿನ ಸುಮಾರು ಮೂರನೇ ಒಂದು ಪಾಲಿನಷ್ಟು ತೂಕ. ಇದನ್ನು ಇಡೀ ಭೂಮಿಯ ಗಾತ್ರಕ್ಕೆ ಗುಣಿಸಿ ನೋಡಿ. ಅರ್ಧದಿಂದ ಮುಕ್ಕಾಲು ಕಿಲೋ ಬರುತ್ತದೆ. ಯಾವುದೇ ಕ್ಷಣ ತೆಗೆದುಕೊಂಡರೂ ಇಡೀ ಭೂಗೋಳದಲ್ಲಿ ಒಂದು ಕಿಲೋ ಬಂಗುಡೆಯಷ್ಟೂ ಕಪ್ಪು ದ್ರವ್ಯ ಇರುವುದಿಲ್ಲ. ಅದು ಮೈಯೊಳಗೆ ಹಾದು ಹೋಗುತ್ತದೆ ಎನ್ನುವುದು ನಿಜ. ಆದರೆ ಯಾವುದನ್ನೂ ಮುಟ್ಟದೆ ಹೋಗುತ್ತದೆ. ಮುಟ್ಟುವಂತಿದ್ದರೆ ನಮಗೆ ಇಷ್ಟು ಕಷ್ಟವೇ ಇರಲಿಲ್ಲ. ಇನ್ನು ಕೆಲಸದ ಜಾಗ ಎಂದರೆ ಕಂಪ್ಯೂಟರ್ ಎದುರು. ಈ ಕಸುಬಿನಲ್ಲಿ ಬರುವ ಕಾಯಿಲೆ ಬೆನ್ನುನೋವು.

ಭಾವನವರ ಮಾತು ಅಷ್ಟು ಹಗುರವಲ್ಲ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಕಪ್ಪು ದ್ರವ್ಯದ ಕತೆ ಶುರುವಾದದ್ದೇ ತಾಳೆಯಾಗದ ಲೆಕ್ಕದಿಂದ. 1933ರಲ್ಲಿ ಫ್ರಿಟ್ಸ್ ಜ್ವಿಕಿ ಎಂಬ ವಿಜ್ಞಾನಿ ಕೋಮಾ ಎಂಬ ಗೆಲಾಕ್ಸಿಗಳ ಗುಂಪನ್ನು ನೋಡಿದರು. ಆ ಗೆಲಾಕ್ಸಿಗಳ ಓಟ ಎಷ್ಟು ಜೋರಾಗಿತ್ತೆಂದರೆ, ಕಾಣುವ ತೂಕ ಮಾತ್ರ ಇದ್ದಿದ್ದರೆ ಗುಂಪು ಎಂದೋ ಚದುರಿ ಹೋಗಬೇಕಿತ್ತು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ನಮ್ಮ ನೆರೆಯ ಆಂಡ್ರೊಮಿಡಾ ಗೆಲಾಕ್ಸಿಯನ್ನು ಅಳೆದರು. ನಡುವಿನಿಂದ ದೂರ ಹೋದಂತೆ ಸುತ್ತುವ ವೇಗ ಇಳಿಯಬೇಕು. ಇಳಿಯಲಿಲ್ಲ. ಬ್ರಹ್ಮಾಂಡದ ಮೊದಲ ದಿನಗಳ ಬೆಳಕು ಇವತ್ತಿಗೂ ಆಕಾಶದಲ್ಲಿ ಮೈಕ್ರೊವೇವ್ ರೂಪದಲ್ಲಿ ಉಳಿದಿದೆ. ಅದನ್ನು ಪ್ಲಾಂಕ್ ಉಪಗ್ರಹ ಅಳೆದಾಗಲೂ ಅದೇ ಉತ್ತರ: ನಮಗೆ ಗೊತ್ತಿರುವ ದ್ರವ್ಯಕ್ಕಿಂತ ಐದು ಪಟ್ಟಿಗೂ ಜಾಸ್ತಿ ತೂಕ ಬೇರೆ ಏನೋ ಇದೆ.

ಭಾವನವರಿಗೆ ಅವರ ಭಾಷೆಯಲ್ಲೇ ಹೇಳಿ. ಒಂದು ಶಾಖೆಯ ಪುಸ್ತಕದಲ್ಲಿ ಮೊತ್ತ ಕಮ್ಮಿ ಬಂದರೆ ಬರೆದವರ ತಪ್ಪು ಹುಡುಕಬೇಕು. ಬೇರೆ ಬೇರೆ ಊರಿನ, ಬೇರೆ ಬೇರೆ ಗುಮಾಸ್ತರು ಬರೆದ ನಾಲ್ಕಾರು ಪುಸ್ತಕಗಳಲ್ಲಿ ಒಂದೇ ಪ್ರಮಾಣದಲ್ಲಿ ಕಮ್ಮಿ ಬಂದರೆ? ಆಗ ದುಡ್ಡು ಎಲ್ಲೋ ಇದೆ, ನಮ್ಮ ಕಣ್ಣಿಗೆ ಬಿದ್ದಿಲ್ಲ ಎಂದು ಯೋಚಿಸಬೇಕಾಗುತ್ತದೆ. ಹಾಗೆಂದು ಇನ್ನೊಂದು ದಾರಿ ಇಲ್ಲವೆಂದಲ್ಲ. ಗುರುತ್ವದ ನಿಯಮವನ್ನೇ ತಿದ್ದಬೇಕು ಎಂದು 1983ರಲ್ಲಿ ಮಿಲ್‌ಗ್ರೋಮ್ ಎಂಬವರು ಹೇಳಿದರು. ಸುತ್ತುವ ಗೆಲಾಕ್ಸಿಗಳ ಮಟ್ಟಿಗೆ ಅದು ಚೆನ್ನಾಗಿ ಕೂರುತ್ತದೆ. ಗೆಲಾಕ್ಸಿಗಳ ದೊಡ್ಡ ಗುಂಪಿಗೆ ಬಂದಾಗ, ಆ ಹಳೆಯ ಮೈಕ್ರೊವೇವ್ ಬೆಳಕಿಗೆ ಬಂದಾಗ ಎಡವುತ್ತದೆ. ನಾನು ಕಪ್ಪು ದ್ರವ್ಯ ಇದೆ ಎನ್ನುವ ಕಡೆಯವನು. ಆದರೆ ಅದು ಎಂತಹ ಕಣ ಎಂದು ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತೇನೆ.

"ಕಪ್ಪು" ಎನ್ನುವ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಕಪ್ಪು ಬಟ್ಟೆ ಬೆಳಕನ್ನು ಹೀರುತ್ತದೆ. ಇದು ಹೀರುವುದೂ ಇಲ್ಲ, ತಡೆಯುವುದೂ ಇಲ್ಲ, ಕೊಡುವುದೂ ಇಲ್ಲ. ಹಾಗಾದರೆ ರೇಡಿಯೊಗೆ ಹೇಗೆ ಸಿಗುತ್ತದೆ ಎಂಬ ನಿಮ್ಮ ಪ್ರಶ್ನೆ ಸರಿಯಾದ ಪ್ರಶ್ನೆ. ಉತ್ತರ: ಅದು ಸಿಗುವುದಿಲ್ಲ. ಅದು ಸತ್ತರೆ ಉಳಿಯುವ ಬೂದಿ ಸಿಗಬಹುದು.

ಇಲ್ಲೊಂದು ದೊಡ್ಡ "ಒಂದು ವೇಳೆ" ಇದೆ. ಒಂದು ವೇಳೆ ಕಪ್ಪು ದ್ರವ್ಯ ವಿಂಪ್ ಎಂದು ಕರೆಯುವ ಭಾರದ ಕಣಗಳಿಂದ ಆಗಿದ್ದರೆ, ಎರಡು ಕಣಗಳು ಎದುರುಬದುರಾದಾಗ ಎರಡೂ ನಾಶವಾಗಿ ನಮಗೆ ಪರಿಚಯದ ಕಣಗಳು ಹುಟ್ಟಬಹುದು. ಅವು ಒಡೆದು ಒಡೆದು ಕೊನೆಗೆ ಒಂದಿಷ್ಟು ಗಾಮಾ ಕಿರಣ, ಒಂದಿಷ್ಟು ಎಲೆಕ್ಟ್ರಾನ್, ಅದರ ಪ್ರತಿಕಣವಾದ ಪಾಸಿಟ್ರಾನ್ ಉಳಿಯುತ್ತವೆ. ಬೆಳಕಿನ ವೇಗದ ಹತ್ತಿರ ಓಡುವ ಆ ಎಲೆಕ್ಟ್ರಾನ್ ಗೆಲಾಕ್ಸಿಯ ಕಾಂತಕ್ಷೇತ್ರಕ್ಕೆ ಸಿಕ್ಕರೆ ಸುರುಳಿ ಸುತ್ತುತ್ತದೆ. ಸುತ್ತುವಾಗ ರೇಡಿಯೊ ಅಲೆ ಬಿಡುತ್ತದೆ. ಇದಕ್ಕೆ ಸಿಂಕ್ರೊಟ್ರಾನ್ ವಿಕಿರಣ ಎಂದು ಹೆಸರು. ಇದರಲ್ಲಿ ಊಹೆ ಏನೂ ಇಲ್ಲ, ಆಕಾಶದ ರೇಡಿಯೊ ಸದ್ದಿನಲ್ಲಿ ದೊಡ್ಡ ಪಾಲು ಇದೇ. ಊಹೆ ಇರುವುದು ಮೊದಲ ಮೆಟ್ಟಿಲಲ್ಲಿ ಮಾತ್ರ.

ಯಾವ ಅಲೆ? ನಿಮಗೆ ಗೊತ್ತಿರುವ ಅಲೆಯೇ. ನಿಮ್ಮ ಬೋಟಿನ ವಿಎಚ್‌ಎಫ್ ಸೆಟ್ಟಿನಲ್ಲಿ 16ನೇ ಚಾನೆಲ್ ಇರುವುದು 156.8 ಮೆಗಾಹರ್ಟ್ಸ್‌ನಲ್ಲಿ. ಪುಣೆ ಜಿಲ್ಲೆಯ ಖೊಡದ್‌ನಲ್ಲಿರುವ ಜಿಎಂಆರ್‌ಟಿ ದೂರದರ್ಶಕ ಆಕಾಶದ ಸುಮಾರು 90 ಶೇಕಡಾ ಭಾಗದ ನಕ್ಷೆ ತೆಗೆದದ್ದು 150 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಎರಡರ ಅಲೆಯ ಉದ್ದವೂ ಹೆಚ್ಚುಕಮ್ಮಿ 2 ಮೀಟರ್. ಅದಕ್ಕೇ ಇಂತಹ ದೂರದರ್ಶಕಗಳನ್ನು ವೈರ್‌ಲೆಸ್, ಮೊಬೈಲ್ ಟವರ್‌ಗಳ ಗದ್ದಲದಿಂದ ಆದಷ್ಟು ದೂರ ಕಟ್ಟುತ್ತಾರೆ. ಗೋವಿಂದ ಸ್ವರೂಪ್ ಅವರ ತಂಡ ಅಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳನ್ನು ನಿಲ್ಲಿಸಿತು. 14 ಡಿಶ್‌ಗಳು ನಡುವಿನ ಒಂದು ಚದರ ಕಿಲೋಮೀಟರಿನಲ್ಲಿ, ಉಳಿದ 16 ಮೂರು ಕೈಗಳಾಗಿ ಸುಮಾರು 25 ಕಿಲೋಮೀಟರ್ ಹರಡಿಕೊಂಡಿವೆ. ಇದು ನಮ್ಮ ದೇಶದ ದೊಡ್ಡ ಆಸ್ತಿ. ನಿಮ್ಮ ಮಗಳು ಇದರ ದತ್ತಾಂಶದ ಮೇಲೆ ಕೆಲಸ ಮಾಡುವ ಸಾಧ್ಯತೆಯೇ ಹೆಚ್ಚು.

ಈಗ ಸಣ್ಣದರಲ್ಲಿ ಯಾಕೆ ಎಂಬ ಪ್ರಶ್ನೆ. ನಮ್ಮ ಕ್ಷೀರಪಥದ ನಡುವೆ ಕಪ್ಪು ದ್ರವ್ಯ ಜಾಸ್ತಿ ಇದೆ, ನಿಜ. ಆದರೆ ಅಲ್ಲಿ ಸಂಜೆ ಆರು ಗಂಟೆಯ ಹಂಪನಕಟ್ಟೆಯ ಗಲಾಟೆ. ನಕ್ಷತ್ರ ಸಿಡಿದದ್ದು, ಅನಿಲ ಕುದಿಯುವುದು, ಗಿರಗಿರನೆ ತಿರುಗುವ ಸತ್ತ ನಕ್ಷತ್ರಗಳಾದ ಪಲ್ಸಾರ್‌ಗಳು, ಎಲ್ಲವೂ ಎಲೆಕ್ಟ್ರಾನ್ ಎರಚುತ್ತವೆ. ಅದರ ನಡುವೆ ಪಿಸುಮಾತು ಕೇಳಿಸಿದರೂ ಯಾರದ್ದು ಎಂದು ಹೇಗೆ ಹೇಳುವುದು? ಕ್ಷೀರಪಥದ ಸುತ್ತ ಹತ್ತಾರು ಪುಟ್ಟ ಗೆಲಾಕ್ಸಿಗಳು ತಿರುಗುತ್ತವೆ. ಅವುಗಳಲ್ಲಿ ಒಂದು ಬಗೆಯವು ಪೂರ್ತಿ ನಿವೃತ್ತ ಜೀವನದವು. ಅನಿಲ ಮುಗಿದಿದೆ, ಹೊಸ ನಕ್ಷತ್ರ ಹುಟ್ಟುವುದು ಎಂದೋ ನಿಂತಿದೆ, ಹಾಗಾಗಿ ಸಿಡಿಯುವುದಕ್ಕೂ ಏನಿಲ್ಲ. ಇಂತಹ ಜಾಗದಲ್ಲಿ ರೇಡಿಯೊ ಸದ್ದು ಕೇಳಿಸಿದರೆ ಸಂಶಯ ನೇರವಾಗಿ ಕಪ್ಪು ದ್ರವ್ಯದ ಮೇಲೆ ಹೋಗುತ್ತದೆ.

ಡ್ರಾಕೊ ಎಂಬ ಪುಟ್ಟ ಗೆಲಾಕ್ಸಿಯನ್ನೇ ತೆಗೆದುಕೊಳ್ಳಿ. ದೂರ ಸುಮಾರು ಎರಡೂವರೆ ಲಕ್ಷ ಜ್ಯೋತಿರ್ವರ್ಷ. ಸುಮಾರು ಮೂರು ಲಕ್ಷ ಸೂರ್ಯರಷ್ಟು ಬೆಳಕು, ಅಷ್ಟೇ. ಕ್ಷೀರಪಥದ ಸಾವಿರಾರು ಕೋಟಿ ನಕ್ಷತ್ರಗಳ ಎದುರು ಇದು ಏನೂ ಅಲ್ಲ. 1983ರಲ್ಲಿ ಮಾರ್ಕ್ ಆರನ್ಸನ್ ಎಂಬವರು ಇದರ ನಕ್ಷತ್ರಗಳ ವೇಗ ಅಳೆದರು. ಅಳೆದದ್ದು ಮೂರೇ ಮೂರು ನಕ್ಷತ್ರ! ಮೂರರಿಂದ ಅಷ್ಟು ದೊಡ್ಡ ಮಾತು ಹೇಳುವುದೇ ಎಂದು ಜನ ಹುಬ್ಬೇರಿಸಿದ್ದರೆ ಅದು ಸಹಜ. ಆಮೇಲೆ ನೂರಾರು ನಕ್ಷತ್ರ ಅಳೆದ ಮೇಲೂ ಅವರ ಮಾತು ನಿಂತಿತು. ಅಲ್ಲಿನ ನಕ್ಷತ್ರಗಳು ಒಂದಕ್ಕೊಂದು ಹೋಲಿಸಿದರೆ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ಓಡಾಡುತ್ತವೆ. ಕಾಣುವ ನಕ್ಷತ್ರಗಳ ತೂಕ ಮಾತ್ರ ಹಿಡಿದುಕೊಂಡಿದ್ದರೆ ಒಂದು ಕಿಲೋಮೀಟರಿನ ಆಸುಪಾಸು ಇರಬೇಕಿತ್ತು. ಅಂದರೆ ಬೆಳಕಿನ ಲೆಕ್ಕಕ್ಕಿಂತ ತೂಕ ನೂರು ಪಟ್ಟಿಗೂ ಜಾಸ್ತಿ. ಸೆಗ್ವೆ 1 ಎಂಬ ಇನ್ನೂ ಪುಟ್ಟದರಲ್ಲಿ ಇದು ಸಾವಿರ ಪಟ್ಟು ದಾಟುತ್ತದೆ. ಅದರ ಒಟ್ಟು ಬೆಳಕು ಕೆಲವೇ ನೂರು ಸೂರ್ಯರಷ್ಟು.

ಅಂದ ಹಾಗೆ, ಈಗ ಮೀನುಗಾರಿಕೆಗೆ ನಿಷೇಧದ ಎರಡು ತಿಂಗಳು. ಬೋಟು ದಕ್ಕೆಯಲ್ಲಿ ಕಟ್ಟಿರುತ್ತದೆ. ಜೂನ್ ನಡುವಿನ ಮಧ್ಯರಾತ್ರಿ ಮನೆಯ ಹೊರಗೆ ಉತ್ತರಕ್ಕೆ ಮುಖ ಮಾಡಿ ನಿಂತರೆ, ದಿಗಂತಕ್ಕೂ ನೆತ್ತಿಗೂ ಸರೀ ನಡುವೆ ಡ್ರಾಕೊ ಇರುತ್ತದೆ. ಕಾಣುವುದಿಲ್ಲ, ಮೋಡ ಇಲ್ಲದಿದ್ದರೂ ಬರಿಗಣ್ಣಿಗೆ ಕಾಣುವಷ್ಟು ಬೆಳಕು ಅದಕ್ಕಿಲ್ಲ. ರೇಡಿಯೊದವರಿಗೆ ಮಳೆ, ಮೋಡ ಲೆಕ್ಕಕ್ಕಿಲ್ಲ. ನಮ್ಮನ್ನು ಸತಾಯಿಸುವುದು ಅದಕ್ಕೂ ಮೇಲಿನ ಅಯಾನುಗೋಳ, ಅಂದರೆ ವಿದ್ಯುತ್ ತುಂಬಿದ ಕಣಗಳ ಪದರ. ದಕ್ಷಿಣ ಭಾರತ ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಆ ಪದರ ನಮ್ಮ ತಲೆಯ ಮೇಲೆ ಸ್ವಲ್ಪ ಜಾಸ್ತಿಯೇ ಕದಡುತ್ತದೆ.

ಇಲ್ಲಿಯವರೆಗಿನದ್ದು ನಿಮ್ಮ ಮಗಳು ಪುಸ್ತಕದಲ್ಲಿ ಓದಿರುವ ಮಾತು. ಈಗ ಹೇಳುವುದನ್ನು ಅವಳಿಗೂ ಓದಿಸಿ.

ಈ ಗೆಲಾಕ್ಸಿಗಳನ್ನು ಆರಿಸಿಕೊಂಡದ್ದು ಅಲ್ಲಿ ಅನಿಲ ಇಲ್ಲ, ಗದ್ದಲ ಇಲ್ಲ ಎಂದು. ಆದರೆ ಕಾಂತಕ್ಷೇತ್ರ ಬೆಳೆಯುವುದೇ ಅನಿಲದ ಕದಡುವಿಕೆಯಿಂದ! ಅನಿಲ ಇಲ್ಲದ ಕಡೆ ಕಾಂತಕ್ಷೇತ್ರ ಎಷ್ಟು ಉಳಿದಿರುತ್ತದೆ? ಯಾರೂ ನೇರವಾಗಿ ಅಳೆದಿಲ್ಲ. ಹೆಚ್ಚಿನವರು ಒಂದು ಮೈಕ್ರೊಗಾಸ್ ಎಂದು ಇಟ್ಟುಕೊಂಡು ಲೆಕ್ಕ ಮಾಡುತ್ತಾರೆ. ಗಾಸ್ ಎನ್ನುವುದು ಕಾಂತಕ್ಷೇತ್ರದ ಅಳತೆ, ಮೈಕ್ರೊಗಾಸ್ ಅದರ ಹತ್ತು ಲಕ್ಷದ ಒಂದು ಪಾಲು. ನಿಮ್ಮ ಬೋಟಿನ ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 0.4 ಗಾಸ್. ಒಂದು ಮೈಕ್ರೊಗಾಸ್ ಅದಕ್ಕಿಂತ ನಾಲ್ಕು ಲಕ್ಷ ಪಟ್ಟು ದುರ್ಬಲ. ಅಷ್ಟು ಇದ್ದರೆ ಎಲೆಕ್ಟ್ರಾನ್‌ಗಳು ನೂರಾರು ಮೆಗಾಹರ್ಟ್ಸ್‌ನಲ್ಲಿ ಅಲೆ ಬಿಡುತ್ತವೆ, ನಮ್ಮ ಡಿಶ್‌ಗಳಿಗೆ ಸರಿಹೊಂದುತ್ತದೆ. ಅದರ ಹತ್ತನೇ ಒಂದು ಭಾಗ ಇದ್ದರೆ? ಸದ್ದು ಕುಗ್ಗುತ್ತದೆ, ಅಲೆಯೂ ಕೆಳಗಿಳಿಯುತ್ತದೆ. ಇನ್ನೊಂದು ತೊಂದರೆ, ಪುಟ್ಟ ಗೆಲಾಕ್ಸಿಗೆ ಬೇಲಿ ಸಡಿಲ. ಎಲೆಕ್ಟ್ರಾನ್ ತನ್ನ ಶಕ್ತಿಯನ್ನು ರೇಡಿಯೊ ಆಗಿ ಖರ್ಚು ಮಾಡುವ ಮೊದಲೇ ಹೊರಗೆ ಜಾರಿಹೋಗಬಹುದು. ಎಷ್ಟು ಬೇಗ ಜಾರುತ್ತದೆ ಎನ್ನುವುದೂ ಅಂದಾಜೇ. ಈ ಎರಡು ಅಂದಾಜುಗಳನ್ನು ಸ್ವಲ್ಪ ಆಚೀಚೆ ಮಾಡಿದರೆ ಅಂತಿಮ ಉತ್ತರ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಬದಲಾಗುತ್ತದೆ.

ನೀವು ಬಲೆ ಬಿಟ್ಟವರು, ನಿಮಗೆ ಇದು ನನಗಿಂತ ಚೆನ್ನಾಗಿ ಅರ್ಥವಾದೀತು. ಇಷ್ಟು ಕಣ್ಣಿನ ಬಲೆ, ಇಷ್ಟು ಮಾರು ಆಳ, ಇಷ್ಟು ಗಂಟೆ ಎಳೆದೆವು, ಮೀನಿಲ್ಲ ಎಂದು ಒಬ್ಬ ತಾಂಡೇಲ ಬಂದು ಹೇಳಿದರೆ ಅದು ಸುದ್ದಿ. ಮರುದಿನ ಬೇರೆಯವರು ಆ ಜಾಗಕ್ಕೆ ಡೀಸೆಲ್ ಸುಡುವುದಿಲ್ಲ. ಆದರೆ ಬಲೆ ನೀರಿನಡಿ ಸರಿಯಾಗಿ ಬಿಚ್ಚಿಕೊಂಡಿತ್ತೋ ಇಲ್ಲವೋ ಅವನಿಗೇ ಗೊತ್ತಿಲ್ಲದಿದ್ದರೆ? ರೇಡಿಯೊದಲ್ಲಿ ಕಪ್ಪು ದ್ರವ್ಯ ಹುಡುಕುವವರ ಸ್ಥಿತಿ ಸದ್ಯಕ್ಕೆ ಹೆಚ್ಚುಕಮ್ಮಿ ಎರಡನೆಯದು. ಕಾಂತಕ್ಷೇತ್ರ ಗೊತ್ತಿಲ್ಲದೆ "ಇಲ್ಲ" ಎನ್ನುವುದೆಂದರೆ ಬಲೆ ಬಿಚ್ಚಿಕೊಂಡಿತ್ತು ಎಂದು ನಂಬಿ ಹೇಳುವುದು.

ಇದುವರೆಗೆ ಬಲೆ ಬಿಟ್ಟವರು ಕಡಿಮೆಯೇನಲ್ಲ. ಅಮೆರಿಕದ ಗ್ರೀನ್ ಬ್ಯಾಂಕಿನ ನೂರು ಮೀಟರ್ ಡಿಶ್‌ನಿಂದ ಡ್ರಾಕೊ ಸೇರಿ ನಾಲ್ಕು ಪುಟ್ಟ ಗೆಲಾಕ್ಸಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದರು. ಆಮೇಲೆ ಆಸ್ಟ್ರೇಲಿಯಾದ ಡಿಶ್‌ಗಳಿಂದ ಆರು, ಯುರೋಪಿನ ಲೋಫಾರ್ ರೇಡಿಯೊ ದೂರದರ್ಶಕದಿಂದ ಕೆಲವು. 2021ರಲ್ಲಿ ಭಾರತದವರ ಒಂದು ತಂಡ ನಮ್ಮ ಜಿಎಂಆರ್‌ಟಿಯ ಅದೇ ನಕ್ಷೆಯಿಂದ 23 ಪುಟ್ಟ ಗೆಲಾಕ್ಸಿಗಳ ಚಿತ್ರ ತೆಗೆದು ಒಂದರ ಮೇಲೊಂದು ಪೇರಿಸಿ ನೋಡಿತು. ಒಂದರಲ್ಲಿ ಕಾಣದ್ದು ಇಪ್ಪತ್ತಮೂರು ಸೇರಿದರೆ ಕಂಡೀತು ಎಂಬ ಲೆಕ್ಕ. ಎಲ್ಲೂ ಏನೂ ಕಾಣಲಿಲ್ಲ. ಗಾಮಾ ಕಿರಣದಲ್ಲಿ ನೋಡುವ ಫರ್ಮಿ ಉಪಗ್ರಹಕ್ಕೂ ಈ ಗೆಲಾಕ್ಸಿಗಳಲ್ಲಿ ಗಟ್ಟಿಯಾದ್ದೇನೂ ಸಿಕ್ಕಿಲ್ಲ. ಆದರೆ ಗಾಮಾ ಕಿರಣಕ್ಕೆ ಕಾಂತಕ್ಷೇತ್ರದ ಹಂಗಿಲ್ಲ. ಹಾಗಾಗಿ ಅವರ "ಇಲ್ಲ"ಕ್ಕೆ ತೂಕ ಹೆಚ್ಚು. ಪ್ರೋಟಾನಿಗಿಂತ ಸುಮಾರು ನೂರು ಪಟ್ಟಿನೊಳಗೆ ತೂಗುವ ಸರಳ ಬಗೆಯ ವಿಂಪ್‌ಗಳನ್ನು 2015ರ ಅವರ ಫಲಿತಾಂಶ ಬಹುಪಾಲು ಹೊರಗೆ ಹಾಕಿತು. ಇನ್ನೂ ಭಾರದವು, ಇನ್ನೂ ವಿಚಿತ್ರದವು ಉಳಿದಿವೆ.

ಒಮ್ಮೆ ನನಗೂ "ಸಿಕ್ಕಿತು". ಒಂದು ಪುಟ್ಟ ಗೆಲಾಕ್ಸಿಯ ಸುತ್ತ ಹುಣ್ಣಿಮೆ ಚಂದ್ರನ ಅಗಲದ ಮಸುಕಾದ ಹೊಳಪು. ಸರೀ ನಡುಮಧ್ಯಕ್ಕೆ. ಹೇಗಿರಬೇಕೋ ಹಾಗೆಯೇ ಇತ್ತು. ಮೂರು ವಾರ ನನಗೆ ಊಟ ರುಚಿಸಲಿಲ್ಲ. ಯಾರಿಗೂ ಹೇಳಬಾರದು ಎಂದುಕೊಂಡು ಮೂರು ಜನರಿಗೆ ಹೇಳಿದೆ. ಈ ಕೆಲಸದಲ್ಲಿ ಮೊದಲು ಆ ಜಾಗದ ಹಿಂದಿರುವ ದೂರದ ರೇಡಿಯೊ ಗೆಲಾಕ್ಸಿಗಳ ಚುಕ್ಕಿಗಳನ್ನು ಚಿತ್ರದಿಂದ ಕಳೆಯಬೇಕು, ಆಮೇಲೆ ಉಳಿದದ್ದನ್ನು ಮಸುಕು ಮಾಡಿ ನೋಡಬೇಕು. ನಾಲ್ಕನೇ ವಾರ ಚುಕ್ಕಿ ಕಳೆಯುವ ವಿಧಾನ ಸ್ವಲ್ಪ ಬದಲಿಸಿದೆ. ಹೊಳಪು ಪಕ್ಕಕ್ಕೆ ಸರಿಯಿತು! ಇನ್ನೊಮ್ಮೆ ಬದಲಿಸಿದೆ, ಕರಗಿಯೇ ಹೋಯಿತು. ಅರೆಬರೆ ಕಳೆದ ಹತ್ತಾರು ಚುಕ್ಕಿಗಳ ಎಂಜಲು ಸೇರಿ ಆ ಹೊಳಪು ಆಗಿತ್ತು. ಆ ಮೂರು ಜನರಿಗೆ ಮತ್ತೆ ಫೋನ್ ಮಾಡುವುದು ಇತ್ತಲ್ಲ, ಅದು ಕಷ್ಟದ ಕೆಲಸ ಮಾರಾಯ್ರೆ.

ಇದನ್ನು ಹೇಳಿದ್ದಕ್ಕೆ ಕಾರಣ ಉಂಟು. ಇದರಲ್ಲಿ ಕಲಿಯುವುದೆಲ್ಲ ಈ ಜಾಗದಲ್ಲೇ ಇದೆ. ಡಿಶ್‌ಗಳ ಜಾಲಕ್ಕೆ ತುಂಬಾ ಅಗಲದ ಹೊಳಪು ಕಾಣುವುದೇ ಇಲ್ಲ ಎನ್ನುವುದು ಹೊಸಬರಿಗೆ ಆಶ್ಚರ್ಯ. ಹತ್ತಿರದ ಎರಡು ಡಿಶ್‌ಗಳ ನಡುವಿನ ಅಂತರ ಮತ್ತು ಅಲೆಯ ಉದ್ದ ಅದನ್ನು ತೀರ್ಮಾನಿಸುತ್ತವೆ. ಅದೇ ಜಿಎಂಆರ್‌ಟಿ 150 ಮೆಗಾಹರ್ಟ್ಸ್‌ನಲ್ಲಿ ಚಂದ್ರನ ಎರಡು ಪಟ್ಟು ಅಗಲದ್ದನ್ನೂ ಹಿಡಿಯಬಲ್ಲದು. 1400 ಮೆಗಾಹರ್ಟ್ಸ್‌ನಲ್ಲಿ ಚಂದ್ರನ ಕಾಲು ಭಾಗಕ್ಕಿಂತ ಅಗಲದ್ದು ಸೋರಿಹೋಗುತ್ತದೆ. ಗೊತ್ತಿಲ್ಲದೆ 1400ರಲ್ಲಿ ನೋಡಿ "ಕಪ್ಪು ದ್ರವ್ಯದ ಸುಳಿವಿಲ್ಲ" ಎಂದು ಬರೆದರೆ ಅದು ತಪ್ಪಲ್ಲ, ಆದರೆ ಅರ್ಥವಿಲ್ಲದ ಮಾತು.

ಚೆನ್ನಾಗಿ ಹೇಳಿದ "ಇಲ್ಲ" ಹೇಗಿರುತ್ತದೆ ಎನ್ನುವುದಕ್ಕೆ ನಮ್ಮದೇ ರಾಜ್ಯದ ಉದಾಹರಣೆ ಇದೆ. 2018ರಲ್ಲಿ ಅಮೆರಿಕದ ಎಡ್ಜಸ್ ತಂಡ, ಆಸ್ಟ್ರೇಲಿಯಾದಲ್ಲಿ ಇಟ್ಟ ಆಂಟೆನಾದಿಂದ 78 ಮೆಗಾಹರ್ಟ್ಸ್ ಹತ್ತಿರ ಆಕಾಶದ ರೇಡಿಯೊ ಸದ್ದಿನಲ್ಲಿ ಒಂದು ಕುಸಿತ ಕಂಡಿದ್ದೇವೆ, ಅದು ಮೊದಲ ನಕ್ಷತ್ರಗಳ ಕಾಲದ್ದು ಎಂದಿತು. ಕುಸಿತ ನಿರೀಕ್ಷೆಗಿಂತ ಆಳವಾಗಿತ್ತು. ಕಪ್ಪು ದ್ರವ್ಯ ಹೈಡ್ರೊಜನ್ ಅನ್ನು ತಣಿಸಿರಬೇಕು ಎಂದು ದೊಡ್ಡ ಚರ್ಚೆ ಎದ್ದಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ ಎಂಬ ಆಂಟೆನಾವನ್ನು ತೆಪ್ಪದ ಮೇಲೆ ಇಟ್ಟು, ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು 2020ರಲ್ಲಿ ಅಳೆದರು. ನೆಲದ ಮೇಲಾದರೆ ಕೆಳಗಿನ ಮಣ್ಣು, ಬಂಡೆ ಅಳತೆಯಲ್ಲಿ ಸೇರಿಕೊಳ್ಳುತ್ತವೆ. ನೀರು ಸಮಾನ, ಲೆಕ್ಕಕ್ಕೆ ಸಿಗುತ್ತದೆ. ಅವರಿಗೆ ಆ ಕುಸಿತ ಕಾಣಲಿಲ್ಲ. ಆ "ಕಾಣಲಿಲ್ಲ" ಎನ್ನುವುದು 2022ರಲ್ಲಿ ಖಗೋಳದ ದೊಡ್ಡ ಪತ್ರಿಕೆಯಲ್ಲಿ ಬಂತು, ಜಗತ್ತು ಗಮನಿಸಿತು. ಯಾಕೆಂದರೆ ಅವರ ಬಲೆ ಬಿಚ್ಚಿಕೊಂಡಿತ್ತು ಎನ್ನುವುದಕ್ಕೆ ಅವರ ಬಳಿ ಲೆಕ್ಕ ಇತ್ತು.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಸಿಗದೇ ಹೋಗುವುದು ಅಪಾಯವಲ್ಲ. ಸಿಗುವುದಿಲ್ಲ ಎಂದೇ ಇಟ್ಟುಕೊಂಡು ವಿಷಯ ಆರಿಸಬೇಕು. ಸಿಗದಿದ್ದಾಗ ಕೈಯಲ್ಲಿ ಏನು ಉಳಿಯುತ್ತದೆ ಎಂದು ಮೊದಲೇ ಕೇಳದೇ ಇರುವುದು ಅಪಾಯ.

ಅವಳ ಮುಂದಿರುವ ದಾರಿಗಳನ್ನು ನಾನು ಹೀಗೆ ನೋಡುತ್ತೇನೆ. ಈಗ ಅವಳು ಹೇಳುತ್ತಿರುವುದು, ಅಂದರೆ ಹಳೆಯ ದತ್ತಾಂಶದಲ್ಲಿ ಕಪ್ಪು ದ್ರವ್ಯ ಮಾತ್ರ ಹುಡುಕುವುದು, ನನಗೆ ಅಷ್ಟು ಇಷ್ಟವಿಲ್ಲ. ಅದೇ ಗೆಲಾಕ್ಸಿಗಳು, ಅದೇ ಸೂತ್ರ. "ಇದಕ್ಕಿಂತ ಜಾಸ್ತಿ ಸದ್ದು ಇಲ್ಲ" ಎನ್ನುವ ಗೆರೆಯನ್ನು ಸ್ವಲ್ಪ ಕೆಳಗೆ ತಳ್ಳುವುದೇ ಐದು ವರ್ಷದ ಸಾಧನೆ ಆಗಿಬಿಡಬಹುದು. ಕೆಲಸಕ್ಕೆ ಅರ್ಜಿ ಹಾಕುವಾಗ ಅಂತಹ ಪ್ರಬಂಧ ಬೇರೆಯವರದರಂತೆಯೇ ಕಾಣುತ್ತದೆ.

ನನ್ನ ಆಯ್ಕೆ ಕೇಳಿದರೆ, ಬಲೆಯನ್ನೇ ವಿಷಯ ಮಾಡಿಕೊಳ್ಳಲಿ. ಇನ್ನೂ ಅನಿಲ ಇರುವ, ನಕ್ಷತ್ರ ಹುಟ್ಟುತ್ತಿರುವ ಪುಟ್ಟ ಗೆಲಾಕ್ಸಿಗಳಲ್ಲಿ ಕಾಂತಕ್ಷೇತ್ರ ಎಷ್ಟಿದೆ, ಎಲೆಕ್ಟ್ರಾನ್ ಎಷ್ಟು ಬೇಗ ಸೋರುತ್ತದೆ ಎಂದು ರೇಡಿಯೊದಲ್ಲಿ ಅಳೆಯಬಹುದು. ಅಲ್ಲಿ ಖಂಡಿತ ಏನಾದರೂ ಕಾಣುತ್ತದೆ. ಅಲ್ಲಿ ಕಲಿತದ್ದನ್ನು ಹಿಡಿದು, ಕೊನೆಯ ಒಂದು ಅಧ್ಯಾಯದಲ್ಲಿ ಅನಿಲ ಇಲ್ಲದ ಡ್ರಾಕೊದಂಥವುಗಳ ಕಪ್ಪು ದ್ರವ್ಯಕ್ಕೆ ಬರಲಿ. ಇದರಲ್ಲೂ ತೊಡಕಿದೆ. ಕೆಲಸ ಜಾಸ್ತಿ, ದತ್ತಾಂಶ ಭಾರ, ಮೊದಲ ಎರಡು ವರ್ಷ ಏನೂ ಪ್ರಕಟವಾಗದೆ ಬೇಸರ ಬರಬಹುದು. ಮತ್ತು ಇಂತಹ ಕೆಲಸ ಕೈಹಿಡಿದು ಕಲಿಸುವ ಮಾರ್ಗದರ್ಶಕರು ಬೇಕು, ಅವರು ಎಲ್ಲ ಕಡೆ ಇರುವುದಿಲ್ಲ.

ಲೆಕ್ಕದ ದಾರಿ ಇನ್ನೊಂದು. ಯಾವ ಬಗೆಯ ಕಣ ಇದ್ದರೆ ಎಷ್ಟು ರೇಡಿಯೊ ಬರಬೇಕು ಎಂದು ಮುಂಚಿತವಾಗಿ ಹೇಳುವುದು. ದೂರದರ್ಶಕದ ಸಮಯ ಬೇಡ, ಊರಲ್ಲೇ ಕೂತು ಮಾಡಬಹುದು, ಬೇಗ ಪ್ರಬಂಧ ಬರುತ್ತದೆ. ಆದರೆ ಬೇಕಾದ ಅಂದಾಜು ಹಾಕಿ ಬೇಕಾದ ಉತ್ತರ ತೆಗೆಯುವ ಚಟಕ್ಕೆ ಬೀಳುವ ಅಪಾಯ ಈ ದಾರಿಯಲ್ಲೇ ಹೆಚ್ಚು.

ಉಪಕರಣದ ಕಡೆ ಒಲವಿದ್ದರೆ, ಹಲವು ದೇಶಗಳು ಸೇರಿ ಕಟ್ಟುತ್ತಿರುವ ಎಸ್‌ಕೆಎ ಎಂಬ ರೇಡಿಯೊ ದೂರದರ್ಶಕ ಇದೆ. ಆಸ್ಟ್ರೇಲಿಯಾದಲ್ಲಿ 1,31,072 ಸಣ್ಣ ಆಂಟೆನಾ, ದಕ್ಷಿಣ ಆಫ್ರಿಕಾದಲ್ಲಿ 197 ಡಿಶ್. ಭಾರತ ಸೇರಲು 2024ರ ಜನವರಿಯಲ್ಲಿ ಕೇಂದ್ರ ಸರಕಾರ 1,250 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಈ ಕಡೆ ಹೋದವರಿಗೆ ಕೆಲಸದ ಬಾಗಿಲು ಸ್ವಲ್ಪ ಅಗಲ. ಆದರೆ ದೊಡ್ಡ ಯಂತ್ರಗಳು ಹೇಳಿದ ದಿನಕ್ಕೆ ಮುಗಿಯುವುದು ಅಪರೂಪ. ಪಿಎಚ್‌ಡಿಯ ಒಂದೇ ಒಂದು ಅಧ್ಯಾಯವೂ ಇನ್ನೂ ಕಟ್ಟದ ಯಂತ್ರದ ಮೇಲೆ ನಿಂತಿರಬಾರದು.

ಎಲ್ಲಿ ಎನ್ನುವುದಕ್ಕೆ: ಮಣಿಪಾಲದಲ್ಲೇ ನ್ಯಾಚುರಲ್ ಸೈನ್ಸಸ್ ಕೇಂದ್ರದಲ್ಲಿ ಖಗೋಳ ಭೌತಶಾಸ್ತ್ರದ ಸಂಶೋಧನೆ ನಡೆಯುತ್ತದೆ, ಮನೆಗೆ ಹತ್ತಿರ. ರೇಡಿಯೊ ದತ್ತಾಂಶವೇ ಬೇಕು ಎಂದರೆ ಜಿಎಂಆರ್‌ಟಿ ನಡೆಸುವ ಪುಣೆಯ ಎನ್‌ಸಿಆರ್‌ಎ ಸಂಸ್ಥೆ, ಬೆಂಗಳೂರಿನ ರಾಮನ್ ಸಂಸ್ಥೆ ಮುಂದೆ ಇವೆ. ಅದಕ್ಕೆ ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ ಬರೆಯಲಿ, ಜೊತೆಗೆ ಫೆಲೋಶಿಪ್ಪಿಗೆ ನೆಟ್ ಪರೀಕ್ಷೆ ಕೂಡ ಬರೆದಿಟ್ಟುಕೊಳ್ಳಲಿ. 2023ರಿಂದ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಫೆಲೋಶಿಪ್ ಇಲ್ಲದೆ ಎಲ್ಲೂ ಸೇರಬೇಡಿ. ನೀವು ಖರ್ಚು ಕೊಡಬಲ್ಲಿರಿ ಎಂದು ನನಗೆ ಗೊತ್ತು. ಆದರೂ ಬೇಡ. ಒಂದು ವರ್ಷ ತಡವಾದರೂ ಪರೀಕ್ಷೆ ಮತ್ತೊಮ್ಮೆ ಬರೆಯುವುದು ಲೇಸು. ಸೇರುವ ಮೊದಲು ಆ ಮಾರ್ಗದರ್ಶಕರ ಹಳೆಯ ವಿದ್ಯಾರ್ಥಿಗಳು ಇಬ್ಬರಿಗೆ ಫೋನ್ ಮಾಡಿ, ಮುಗಿಸಲು ಎಷ್ಟು ವರ್ಷ ಬೇಕಾಯಿತು, ಈಗ ಎಲ್ಲಿದ್ದಾರೆ ಎಂದು ಕೇಳಲಿ. ಹುಡುಗಿಯರು ಸಂಕೋಚಪಡುತ್ತಾರೆ. ಬೇಡ, ಕೇಳಲಿ.

ಮುಂದೆ ಕೆಲಸ? ಖಗೋಳದಲ್ಲಿ ಕಾಯಂ ಹುದ್ದೆ ಕಡಿಮೆ. ಪಿಎಚ್‌ಡಿ ಆದ ಮೇಲೆ ಮೂರ್ನಾಲ್ಕು ವರ್ಷ ಹೊರದೇಶದಲ್ಲಿ ಅಲೆಯುವುದು ಸಾಮಾನ್ಯ, ಆಮೇಲೂ ಎಲ್ಲರಿಗೂ ಸಿಗುವುದಿಲ್ಲ. ಗದ್ದಲದ ರಾಶಿಯಿಂದ ಸಣ್ಣ ಸಂಕೇತ ಹೆಕ್ಕುವುದು ಕಲಿತವರಿಗೆ ಉಪಗ್ರಹ, ರಾಡಾರ್, ವೈದ್ಯಕೀಯ ಚಿತ್ರಣ, ದತ್ತಾಂಶ ವಿಶ್ಲೇಷಣೆ, ಹೀಗೆ ಬೇರೆ ಕಡೆ ಬೆಲೆ ಇದೆ. ನಮ್ಮ ಅದಮಾರಿನ ಯು. ಆರ್. ರಾವ್ ಅವರು ಉಪಗ್ರಹ ಕಟ್ಟುವ ಮೊದಲು ಕಾಸ್ಮಿಕ್ ಕಿರಣಗಳ ಸಂಶೋಧನೆ ಮಾಡಿದವರು. ಎಲ್ಲರೂ ಯು. ಆರ್. ರಾವ್ ಆಗುತ್ತಾರೆ ಎಂದು ಹೇಳುತ್ತಿಲ್ಲ. ಕಲಿತ ಕೈ ಬೇರೆ ಕಡೆಗೂ ಹೋಗುತ್ತದೆ, ಅಷ್ಟೆ.

ನಿರ್ಧಾರಕ್ಕೆ ಅವಸರ ಬೇಡ. ಬೋಟು ಮತ್ತೆ ನೀರಿಗೆ ಇಳಿಯುವವರೆಗೆ ಒಂದು ಕೆಲಸ ಮಾಡಲಿ. ಜಿಎಂಆರ್‌ಟಿಯ ಹಳೆಯ ದತ್ತಾಂಶ ಸಂಗ್ರಹ ತೆರೆದಿದೆ. ಒಂದು ವೀಕ್ಷಣೆ ಮುಗಿದು 18 ತಿಂಗಳಾದ ಮೇಲೆ ಯಾರು ಬೇಕಾದರೂ ಕೇಳಿ ಪಡೆಯಬಹುದು. ಅದನ್ನು ಚಿತ್ರ ಮಾಡುವ ಕಾಸಾ ಎಂಬ ತಂತ್ರಾಂಶವೂ ಉಚಿತ. ಯಾವುದಾದರೂ ಒಂದು ಪುಟ್ಟ ಗೆಲಾಕ್ಸಿಯ ಕಡೆ ನೋಡಿದ ಒಂದು ರಾತ್ರಿಯ ದತ್ತಾಂಶ ಇಳಿಸಿಕೊಂಡು, ಯಾರ ಸಹಾಯವೂ ಇಲ್ಲದೆ ಒಂದು ಚಿತ್ರ ಮಾಡಲಿ. ಕಂಪ್ಯೂಟರಿನಲ್ಲಿ ನೂರಾರು ಜಿಬಿ ಜಾಗ ಬೇಕಾಗುತ್ತದೆ, ಹೊರಗಿನ ಹಾರ್ಡ್‌ಡಿಸ್ಕ್ ಒಂದು ತೆಗೆದುಕೊಡಿ. ಒಂದು ತಿಂಗಳು ಹಿಡಿಯಬಹುದು. ಆ ತಿಂಗಳಲ್ಲಿ ಅವಳು ರಾತ್ರಿ ಊಟಕ್ಕೆ ಕರೆದರೂ ಏಳದೆ ಕೂತಳೋ, ಅಥವಾ ಹಾರ್ಡ್‌ಡಿಸ್ಕ್ ಮೇಲೆ ಧೂಳು ಕೂತಿತೋ ಎನ್ನುವುದನ್ನು ನೀವು ಮನೆಯಲ್ಲೇ ನೋಡಬಹುದು. ಮೊದಲ ಚಿತ್ರದಲ್ಲಿ ಗೆಲಾಕ್ಸಿ ಕಾಣುವುದಿಲ್ಲ, ಮೂಲೆಯಿಂದ ಮೂಲೆಗೆ ಪಟ್ಟೆ ಪಟ್ಟೆ ಗೆರೆ ಕಾಣುತ್ತವೆ. ಹೆದರಬೇಡ ಎನ್ನಿ. ನನ್ನ ಮೊದಲ ಚಿತ್ರವೂ ಹಾಗೇ ಇತ್ತು.